ಜಾನ್ ಗವರ್‌ನನ್ನು ಫ್ರೆಂಚ್ ಕವಿ ಅಂತ ಲೆಕ್ಕಕ್ಕೆ ತಗೋಬಹುದಾ?

ಸುಮಓದು:

ಎಲ್ಲರಿಗೂ ನಮಸ್ಕಾರ. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಬರೆದ ಮಧ್ಯಯುಗದ ಯುರೋಪಿನ ಕವಿಗಳ ಮೇಲೆ ಒಂದು ಲೇಖನ ಬರೀತಿದೀನಿ. ಭಾಷೆಗೊಂದು ಭಾಗ ಅಂತ ಮಾಡಿಕೊಂಡಿದ್ದೆ, ಸಲೀಸಾಗೇ ಹೋಗ್ತಿತ್ತು. ಜಾನ್ ಗವರ್ ಹತ್ತಿರ ಬಂದು ಗಾಡಿ ಕೂತುಬಿಟ್ಟಿದೆ.

ಅವನ ಪರಿಚಯ ಇಲ್ಲದವರಿಗೆ ಎರಡು ಮಾತು. ಗವರ್, ‘ಕ್ಯಾಂಟರ್ಬರಿ ಟೇಲ್ಸ್’ ಬರೆದ ಇಂಗ್ಲಿಷ್ ಕವಿ ಚಾಸರನ ಗೆಳೆಯ. 1378ರಲ್ಲಿ ಚಾಸರ್ ಇಟಲಿಗೆ ಹೊರಟಾಗ ತನ್ನ ವ್ಯವಹಾರ ನೋಡಿಕೊಳ್ಳೋಕೆ ಇಬ್ಬರಿಗೆ ಮುಖ್ತಿಯಾರು ಬರೆದುಕೊಟ್ಟಿದ್ದ, ಅವರಲ್ಲಿ ಇವನೊಬ್ಬ. ತೀರಿಕೊಂಡಿದ್ದು 1408ರಲ್ಲಿ. ಲಂಡನ್ನಿನ ಸದರ್ಕ್ ಕೆಥೀಡ್ರಲ್‌ನಲ್ಲಿ ಸಮಾಧಿ ಇದೆ. ಅದರ ಮೇಲೆ ಕಲ್ಲಿನ ಗವರ್ ಮೂರು ದಪ್ಪ ಪುಸ್ತಕಗಳನ್ನೇ ತಲೆದಿಂಬು ಮಾಡಿಕೊಂಡು ಮಲಗಿದಾನೆ. ಒಂದು ಲ್ಯಾಟಿನ್ನಿನ ‘ವೋಕ್ಸ್ ಕ್ಲಾಮಾಂಟಿಸ್’, ಒಂದು ಇಂಗ್ಲಿಷಿನ ‘ಕನ್ಫೆಸಿಯೋ ಅಮಾಂಟಿಸ್’, ಇನ್ನೊಂದು ಫ್ರೆಂಚಿನ ‘ಮಿರೂರ್ ದ ಲೊಮ್’ (ಸಮಾಧಿ ಮೇಲೆ ಇದಕ್ಕೂ ಲ್ಯಾಟಿನ್ ಹೆಸರೇ ಕೊಟ್ಟಿದಾರೆ). ‘ಮಿರೂರ್’ ಒಂದೇ ಸುಮಾರು 30,000 ಸಾಲು. ಇದು ಸಾಲದು ಅಂತ ಫ್ರೆಂಚಿನಲ್ಲೇ ಎರಡು ಬಲಾದ್ (ಪಲ್ಲವಿ ಇರೋ ಸಣ್ಣ ಕವಿತೆ) ಮಾಲೆಗಳು ಬೇರೆ.

ಇಷ್ಟು ಬರೆದವನು ನನ್ನ ಹತ್ತಿರ ಇರೋ ಫ್ರೆಂಚ್ ಸಾಹಿತ್ಯ ಚರಿತ್ರೆಯಲ್ಲಿ ಇಲ್ಲವೇ ಇಲ್ಲ. ಮಶೊ ಆಯ್ತು, ದೆಶಾಂ ಆಯ್ತು, ಕ್ರಿಸ್ಟೀನ್ ದ ಪಿಜಾಂ ಬಂದಳು, ಶಾರ್ಲ್ ದೋರ್ಲೆಆಂ ಬಂದ, ವಿಯೋಂ ಬಂದ. ಗವರ್ ಎಲ್ಲಿ? ನಮ್ಮ ಫ್ರೆಂಚ್ ಕ್ಲಾಸಿನಲ್ಲಿ ಕೇಳಿದೆ. “ಅವನು ಇಂಗ್ಲಿಷರವನು, ಅವನ ಫ್ರೆಂಚೂ ಇಂಗ್ಲಿಷರದೇ” ಅಂತ ಒಂದು ನಗು ಸಿಕ್ಕಿತು, ಉತ್ತರ ಸಿಗಲಿಲ್ಲ. ಆ ಕಡೆ ಇಂಗ್ಲಿಷ್ ಸಾಹಿತ್ಯ ಚರಿತ್ರೆ ತೆಗೆದರೆ ‘ಕನ್ಫೆಸಿಯೋ’ಗೆ ಮೂರು ಪುಟ, ಫ್ರೆಂಚ್ ಕೃತಿಗಳಿಗೆ ಒಂದು ಪ್ಯಾರಾ. ಅಳಿಯನ ಮನೆಯಲ್ಲೂ ಇಲ್ಲ, ಮಾವನ ಮನೆಯಲ್ಲೂ ಇಲ್ಲ ಅನ್ನೋ ಹಾಗಾಗಿದೆ.

ಕೇಳಬೇಕಾಗಿರೋದು ಇಷ್ಟೇ. ಅವನ ಫ್ರೆಂಚ್ ಚಾಸರ್ ತನ್ನ ಪ್ರಯೊರೆಸ್ (ಮಠದ ಮುಖ್ಯ ಸನ್ಯಾಸಿನಿ) ಪಾತ್ರದ ಬಗ್ಗೆ ತಮಾಷೆ ಮಾಡ್ತಾನಲ್ಲ, ಪ್ಯಾರಿಸ್ಸಿನ ಫ್ರೆಂಚ್ ಗೊತ್ತಿಲ್ಲ, ಸ್ಟ್ರಾಟ್‌ಫರ್ಡಿನದು ಮಾತ್ರ ಬರುತ್ತೆ ಅಂತ, ಆ ಜಾತಿಯದಾ? ಮತ್ತೆ, ಲೇಖನದ ಫ್ರೆಂಚ್ ಭಾಗದಲ್ಲಿ ಇವನನ್ನ ಕೂರಿಸಿದರೆ ಬಲ್ಲವರು ಬೈತಾರಾ? ಮನೆಮಾತು ಮರಾಠಿ ಅಂತ ಬೇಂದ್ರೆಯವರನ್ನ ನಾವೇನೂ ಕನ್ನಡದ ಹೊರಗೆ ನಿಲ್ಲಿಸಲಿಲ್ಲವಲ್ಲ, ಆ ಧೈರ್ಯದ ಮೇಲೆ ಕೇಳ್ತಿದೀನಿ.

ತಕರಾರಿ:

ಬೈಯಲ್ಲ, ಆದರೆ ಒಪ್ಪೋದೂ ಇಲ್ಲ.

ಬೇಂದ್ರೆಯವರನ್ನು ಕನ್ನಡಿಗರು ಓದಿದರು, ಹಾಡಿದರು, ಅವರಿಂದ ಕಲಿತು ಬರೆದರು. ಪರಂಪರೆ ಅನ್ನೋದು ಅದಕ್ಕೇ. ಒಬ್ಬ ಬರೀತಾನೆ, ಮುಂದಿನವನು ಓದಿ ಹೌದಪ್ಪ ಅಂತಾನೆ ಅಥವಾ ಜಗಳಕ್ಕೆ ನಿಲ್ಲುತ್ತಾನೆ. ಮಶೊನನ್ನು ದೆಶಾಂ ಓದಿದ, ಅವನು ಸತ್ತಾಗ ಶೋಕಗೀತೆ ಬರೆದ. ಗವರ್‌ನನ್ನು ಫ್ರಾನ್ಸಿನಲ್ಲಿ ಓದಿದವರು ಯಾರು? ಒಂದು ಹೆಸರು ಕೊಡಿ ಸಾಕು. ಅವನ ಫ್ರೆಂಚ್ ಕಾವ್ಯಗಳ ಉಳಿದಿರುವ ಪ್ರತಿಗಳೆಲ್ಲ ಇಂಗ್ಲೆಂಡಿನಲ್ಲಿ ಬರೆದಂಥವು. ‘ಮಿರೂರ್’ ಕಥೆ ಇನ್ನೂ ಚೆಂದ. ಉಳಿದಿರೋದು ಒಂದೇ ಒಂದು ಪ್ರತಿ, ಅದೂ ಮೊದಲಿನ ಹಾಳೆಗಳು ಹೋಗಿವೆ, ಕೊನೆಯದೂ ಹೋಗಿದೆ. ಅದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಜಿ. ಸಿ. ಮೆಕಾಲೆ ಗುರುತು ಹಿಡಿದಿದ್ದು 1895ರಲ್ಲಿ. (ನಮ್ಮ ಶಿಕ್ಷಣದ ಮೆಕಾಲೆ ಅಲ್ಲ, ಗಾಬರಿ ಬೇಡ.) ಅಲ್ಲಿಯವರೆಗೆ ಸಮಾಧಿ ಕಲ್ಲಿನ ಮೇಲೆ ಒಂದು ಪುಸ್ತಕ ಇದೆ, ಪುಸ್ತಕ ಮಾತ್ರ ಇಲ್ಲ ಅನ್ನೋ ಪರಿಸ್ಥಿತಿ. ಐದು ಶತಮಾನ ಯಾರೂ ಓದದ ಕಾವ್ಯ ಯಾವ ಪರಂಪರೆಯಲ್ಲಿರುತ್ತೆ ಹೇಳಿ.

ಇನ್ನೊಂದು. ಅವನೇ ಬರೆದುಕೊಂಡಿದಾನೆ, “ನಾನು ಇಂಗ್ಲಿಷಿನವನು” ಅಂತ. ಫ್ರೆಂಚಿನಲ್ಲೇ ಬರೆದಿದಾನೆ. ಕವಿಯೇ ಹೇಳಿದ ಮೇಲೆ ನಮ್ಮದೇನು ವಾದ?

ಹಳೆಪ್ರತಿ:

ತಕರಾರಿ ಸಾರ್, ಆ ಸಾಲನ್ನು ಬುಡ ತುದಿ ಕತ್ತರಿಸಿ ತಂದಿದ್ದೀರಿ. ಅದು ಬರುವುದು ‘ತ್ರೆತಿಯೆ’ ಎಂಬ ಹದಿನೆಂಟು ಬಲಾದುಗಳ ಮಾಲೆಯ ಕೊನೆಯ ಚರಣದಲ್ಲಿ. ಪೂರ್ತಿ ಇಟ್ಟರೆ ಹೀಗಾಗುತ್ತದೆ, ನನ್ನ ಗದ್ಯದಲ್ಲಿ: ಲೋಕದ ಸಕಲರಿಗೂ ಜಾನ್ ಗವರ್ ಈ ಬಲಾದನ್ನು ಕಳಿಸುತ್ತಿದ್ದಾನೆ. ನನಗೆ ಫ್ರೆಂಚಿನ ವಾಗ್ವೈಖರಿ ಇಲ್ಲದೆ ದಾರಿ ತಪ್ಪಿದ್ದರೆ ಕ್ಷಮಿಸಿ. ನಾನು ಇಂಗ್ಲಿಷಿನವನು, ಆ ಕಾರಣಕ್ಕೆ ಮನ್ನಿಸಬೇಕೆಂದು ಬೇಡುತ್ತೇನೆ.

ಕ್ಷಮೆ ಕೇಳುವ ಈ ಸಾಲುಗಳಲ್ಲಿ ಹತ್ತು ಅಕ್ಷರದ ಲೆಕ್ಕ ಒಂದಿಷ್ಟೂ ತಪ್ಪಿಲ್ಲ ಎಂಬುದನ್ನು ಗಮನಿಸಿ. “ಅಲ್ಪಮತಿಯಾದ ನಾನು” ಎಂದು ಶುರುಮಾಡುವ ಕವಿಗಳನ್ನು ನಾವು ಕಂಡಿಲ್ಲವೇ? ಅದಕ್ಕಿಂತ ಮುಖ್ಯವಾದದ್ದು ಆ ಮೊದಲ ಸಾಲು. ಈ ಮಾತನ್ನು ಅವನು ಯಾರಿಗೆ ಹೇಳುತ್ತಿದ್ದಾನೆ? ಲೋಕಕ್ಕೆ. ‘ತ್ರೆತಿಯೆ’ ಎಷ್ಟೋ ಹಸ್ತಪ್ರತಿಗಳಲ್ಲಿ ಇಂಗ್ಲಿಷಿನ ‘ಕನ್ಫೆಸಿಯೋ’ ಮುಗಿದ ಮೇಲೆ ಅದರ ಬೆನ್ನಿಗೇ ಬರುತ್ತದೆ. ಅಲ್ಲಿ ಒಂದು ತಲೆಬರಹ ಇದೆ: ಹುಚ್ಚು ಪ್ರೇಮದವರ ಮೂಢತನವನ್ನು ಇಲ್ಲಿಯವರೆಗೆ ಇಂಗ್ಲಿಷಿನಲ್ಲಿ ಹೇಳಿದ್ದಾಯಿತು, ಇನ್ನು ಮದುವೆಯಾದ ಪ್ರೇಮಿಗಳಿಗೆ ನಿದರ್ಶನವಾಗಲೆಂದು ಸಮಸ್ತ ಲೋಕಕ್ಕೆ ಫ್ರೆಂಚಿನಲ್ಲಿ ಹೇಳುತ್ತಾನೆ, ಎಂದು. ತನ್ನ ನಾಡಿಗೆ ಇಂಗ್ಲಿಷ್, ಲೋಕಕ್ಕೆ ಫ್ರೆಂಚ್. ಆ ಬಲಾದುಗಳ ಅಂಚಿನಲ್ಲಿ ಟಿಪ್ಪಣಿ ಲ್ಯಾಟಿನ್ನಿನಲ್ಲಿ. ಒಂದೇ ಪುಸ್ತಕ, ಮೂರು ಭಾಷೆಗೂ ಬೇರೆ ಬೇರೆ ಕೆಲಸ. “ನಾನು ಇಂಗ್ಲಿಷಿನವನು” ಎಂದದ್ದು ಪಂಕ್ತಿಯಿಂದ ಎದ್ದು ಹೋಗುವವನ ಮಾತಲ್ಲ. ಪಂಕ್ತಿಯಲ್ಲಿ ಕೂತು ತನ್ನ ಊರು ಹೇಳುವವನ ಮಾತು.

ಸುಮ ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ನಾನು ಅವನನ್ನು ಓದಿದ್ದು ಮೆಕಾಲೆಯ ಸಂಪಾದನೆಯಲ್ಲಿ, ಪಕ್ಕದಲ್ಲಿ ಆಂಗ್ಲೋ-ನಾರ್ಮನ್ (ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಫ್ರೆಂಚ್) ನಿಘಂಟಿನ ಜಾಲತಾಣ ತೆರೆದಿಟ್ಟುಕೊಂಡು. ಪ್ಯಾರಿಸ್ಸಿನ ಫ್ರೆಂಚ್ ಕಲಿತವರಿಗೆ ಮೊದಲು ಕಣ್ಣಿಗೆ ಚುಚ್ಚುವುದು ಕಾಗುಣಿತ. ‘ನಾನು’ ಎನ್ನುವುದಕ್ಕೇ ಇಂಗ್ಲೆಂಡಿನ ಗುಮಾಸ್ತರು ಬರೆಯುತ್ತಿದ್ದ ರೂಪ ಇದೆ. ನಾಮಪದಗಳ ಲಿಂಗವನ್ನು ಪ್ರಾಸ ಬೇಡಿದ ಹಾಗೆ ಅತ್ತಿತ್ತ ಮಾಡುತ್ತಾನೆ. ಇದನ್ನು ನೋಡಿಯೇ ನಿಮ್ಮ ಕ್ಲಾಸಿನವರು ನಕ್ಕಿರಬೇಕು. ಆದರೆ ಇಂಗ್ಲೆಂಡಿನಲ್ಲಿ ಫ್ರೆಂಚ್ ಬರೆದ ಹಲವರ ಸಾಲುಗಳು ಎಂಟಕ್ಷರದಲ್ಲಿ ಹೊರಟು ಏಳಕ್ಕೋ ಒಂಬತ್ತಕ್ಕೋ ಹೋಗಿ ಇಳಿಯುತ್ತವೆ. ಗವರ್ ಹಾಗಲ್ಲ. ಮೂವತ್ತು ಸಾವಿರ ಸಾಲು ಎಂಟಕ್ಷರದ ಲೆಕ್ಕ ಇಟ್ಟುಕೊಂಡೇ ನಡೆದಿದ್ದಾನೆ. ಕಿವಿ ಯುರೋಪ್ ಖಂಡದ ಕಡೆಗೆ, ಕೈ ಲಂಡನ್ನಿನಲ್ಲಿ. ಪ್ರಯೊರೆಸ್ಸಿನ ತಮಾಷೆಗೂ ಇವನಿಗೂ ಸಂಬಂಧವಿಲ್ಲ.

‘ಮಿರೂರ್’ನ ಚರಣ ನೋಡಿ. ಹನ್ನೆರಡು ಸಾಲು, ಎರಡೇ ಪ್ರಾಸ. ಮೊದಲ ಆರರಲ್ಲಿ ಪ್ರಾಸ ಒಂದು ವರಸೆ, ಉಳಿದ ಆರರಲ್ಲಿ ಅದೇ ವರಸೆ, ಎರಡು ಪ್ರಾಸಗಳು ಮಾತ್ರ ಅದಲುಬದಲು. ಇದನ್ನು ಪ್ರಸಿದ್ಧಿಗೆ ತಂದವನು ಫ್ರ್ವಾಮೋಂ ಮಠದ ಸನ್ಯಾಸಿ ಎಲಿನಾಂದ್, 1190ರ ದಶಕದಲ್ಲಿ, ಸಾವಿನ ಮೇಲೆ ಬರೆದ ಕಾವ್ಯದಲ್ಲಿ. ಆಮೇಲೆ ಫ್ರೆಂಚಿನಲ್ಲಿ ಉಪದೇಶ, ವಿಡಂಬನೆ ಎಂದರೆ ಈ ಚರಣ ಎನ್ನುವಷ್ಟು ಬಳಕೆಗೆ ಬಂತು. ಪಾಪಗಳ ಹುಟ್ಟು, ಸಮಾಜದ ವರ್ಗಗಳ ಮೇಲೆ ಬೈಗುಳ, ಕೊನೆಗೆ ಯೇಸುವಿನ ತಾಯಿ ಮೇರಿಯ ಕಥೆ ಬರೆಯಲು ಕೂತ ಗವರ್ ಆರಿಸಿಕೊಂಡದ್ದು ಇದನ್ನೇ. ಎಲಿನಾಂದನ ಚರಣಕ್ಕೆ ಏನು ಭಾರ ಎಂದು ತಿಳಿದವನು ಮಾತ್ರ ಹೀಗೆ ಆರಿಸಬಲ್ಲ. ಯಾರು ಯಾರನ್ನು ಓದಿದರು ಎಂದು ಕೇಳಿದಿರಲ್ಲ, ಇವನು ಅವರನ್ನು ಓದಿದ್ದಾನೆ. ಪರಂಪರೆಗೆ ಆ ದಿಕ್ಕೂ ಇದೆ.

‘ಮಿರೂರ್’ ದೊಡ್ಡ ಕಾವ್ಯವೇ ಎಂದರೆ, ಇಲ್ಲ. ಏಳು ಪಾಪಗಳು, ಒಂದೊಂದಕ್ಕೂ ಐದೈದು ಹೆಣ್ಣುಮಕ್ಕಳು, ಅವುಗಳಿಗೆ ಎದುರಾಗಿ ಏಳು ಸದ್ಗುಣಗಳು, ಅವಕ್ಕೂ ಐದೈದು. ಎದೆ ಗಟ್ಟಿ ಮಾಡಿಕೊಂಡು ಓದಬೇಕು. ಆದರೆ ವ್ಯಾಪಾರಿಗಳ ಭಾಗಕ್ಕೆ ಬಂದಾಗ ಮನುಷ್ಯ ಎಚ್ಚರಾಗುತ್ತಾನೆ. ಇಂಗ್ಲೆಂಡಿನ ಹಣವೆಲ್ಲ ಆಗ ಉಣ್ಣೆಯಲ್ಲಿ. ಗವರ್ ಆ ಉಣ್ಣೆಯನ್ನೇ ನಾಯಕಿ ಮಾಡಿ ಕರೆಯುತ್ತಾನೆ: ಓ ಉಣ್ಣೆಯೇ, ಕುಲೀನ ರಾಣಿಯೇ, ನೀನು ವರ್ತಕರ ದೇವತೆ. ಚೆಲುವೆ, ಬಿಳಿಯವಳೇ, ನವಿರಾದವಳೇ, ನಿನ್ನ ಪ್ರೀತಿ ಎದೆಗೆ ಚುಚ್ಚಿ ಕಟ್ಟಿಹಾಕುತ್ತದೆ, ಬಿಡಿಸಿಕೊಳ್ಳಲಾಗದು! ಫ್ರೆಂಚ್ ಪ್ರೇಮಕಾವ್ಯದಲ್ಲಿ ಅರಮನೆಯ ಹೆಣ್ಣಿಗೆ ಮೀಸಲಾದ ಪಲುಕುಗಳನ್ನು ಎತ್ತಿ ಮೂಟೆ ಕಟ್ಟಿದ ಉಣ್ಣೆಗೆ ತೊಡಿಸಿದ್ದಾನೆ. ಆ ಪಲುಕು ಓದುಗರ ಕಿವಿಯಲ್ಲಿ ಇದ್ದರೆ ತಾನೆ ಈ ಕೀಟಲೆಗೆ ಅರ್ಥ? ಇದು ಹೊರಗೆ ನಿಂತವನು ಮಾಡುವ ತಮಾಷೆಯಲ್ಲ.

ಇನ್ನು “ಇಂಗ್ಲೆಂಡಿನಲ್ಲಿ ಬರೆದ ಪ್ರತಿ” ಎಂಬ ನಿಮ್ಮ ತಕರಾರು. ಆ ಕತ್ತಿ ಬೀಸಿದರೆ ಫ್ರಾನ್ಸಿನ ಮನೆಯೇ ಅರ್ಧ ಖಾಲಿಯಾಗುತ್ತದೆ ಸಾರ್. ‘ರೋಲಾಂ ಗೀತೆ’ಯ ಅತಿ ಹಳೆಯ ಪ್ರತಿ ಎಲ್ಲಿದೆ? ಆಕ್ಸ್‌ಫರ್ಡಿನ ಬೋಡ್ಲಿಯನ್‌ನಲ್ಲಿ, ಡಿಗ್ಬಿ 23 ಎಂಬ ಸಂಖ್ಯೆಯಲ್ಲಿ. ಬರೆದದ್ದು ಇಂಗ್ಲೆಂಡಿನ ಫ್ರೆಂಚಿನಲ್ಲಿ. ಫ್ರಾನ್ಸಿಸ್ಕ್ ಮಿಶೆಲ್ ಅದನ್ನು ಅಚ್ಚು ಹಾಕಿಸಿದ್ದು 1837ರಲ್ಲಿ, ಆಮೇಲೆ ಅದು ಫ್ರಾನ್ಸಿನ ರಾಷ್ಟ್ರೀಯ ಮಹಾಕಾವ್ಯ. ಮಾರೀ ದ ಫ್ರಾನ್ಸ್‌ಳ ಹನ್ನೆರಡು ‘ಲೇ’ಗಳೂ (ಪುಟ್ಟ ಕಥನಕವನಗಳು) ಒಟ್ಟಿಗೆ ಸಿಗುವ ಏಕೈಕ ಹಸ್ತಪ್ರತಿ ಹದಿಮೂರನೇ ಶತಮಾನದ ಇಂಗ್ಲೆಂಡಿನದು. ರೋಲಾಂ ಬೇಕು, ಮಾರೀ ಬೇಕು, ಗವರ್ ಮಾತ್ರ ಬೇಡ ಎನ್ನುವುದಕ್ಕೆ ಹಸ್ತಪ್ರತಿಯ ಊರು ಕಾರಣವಾಗಲಾರದು. ನಿಜವಾದ ಕಾರಣ ಬೇರೆ. ಸಾಹಿತ್ಯ ಚರಿತ್ರೆಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ರಾಷ್ಟ್ರಗಳ ಲೆಕ್ಕದಲ್ಲಿ ಬರೆಯಲು ಕೂತಾಗ ಹನ್ನೆರಡನೇ ಶತಮಾನದವರನ್ನು “ಆಗ ಎಲ್ಲ ಒಂದೇ ಆಗಿತ್ತು” ಎಂದು ಒಳಗೆ ಬಿಟ್ಟುಕೊಂಡರು. ಗವರ್ ಬರೆದದ್ದು ಇಂಗ್ಲೆಂಡ್, ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧದ ಕಾಲದಲ್ಲಿ. ಹೊತ್ತು ತಪ್ಪಿ ಬಂದ ನೆಂಟ.

ಯುದ್ಧ ನಡೆಯುತ್ತಿದ್ದಾಗಲೂ ಕವಿಗಳು ಸುಮ್ಮನಿರಲಿಲ್ಲ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಸಾಲ್ಸ್‌ಬರಿಯ ಅರ್ಲ್ ಜಾನ್ ಮಾಂಟಗ್ಯು, ಅವನೂ ಫ್ರೆಂಚಿನಲ್ಲಿ ಕವಿತೆ ಬರೆಯುತ್ತಿದ್ದವನೇ, ಕ್ರಿಸ್ಟೀನ್ ದ ಪಿಜಾಂಳ ಮಗನನ್ನು ತನ್ನ ಮನೆಯಲ್ಲಿಟ್ಟುಕೊಂಡು ಸಾಕಲು ಇಂಗ್ಲೆಂಡಿಗೆ ಕರೆದೊಯ್ದ. 1400ರಲ್ಲಿ ಅರ್ಲ್ ದಂಗೆಯೆದ್ದು ತಲೆ ಕಳೆದುಕೊಂಡ ಮೇಲೆ ನಾಲ್ಕನೇ ಹೆನ್ರಿ ಆ ಹುಡುಗನನ್ನು ತನ್ನಲ್ಲಿ ಇಟ್ಟುಕೊಂಡ, ಕ್ರಿಸ್ಟೀನಳಿಗೂ ಬಾ ಎಂದು ಕರೆ ಕಳಿಸಿದ. ಅವಳು ಉಪಾಯವಾಗಿ ಮಗನನ್ನು ಬಿಡಿಸಿಕೊಂಡಳು, ತಾನು ಹೋಗಲಿಲ್ಲ. ಗವರ್ ತನ್ನ ಇನ್ನೊಂದು ಬಲಾದ್ ಮಾಲೆ ‘ಸೆಂಕಾಂತ್ ಬಲಾದ್’ ಅರ್ಪಿಸಿದ್ದು ಯಾರಿಗೆ ಗೊತ್ತೇ? ಇದೇ ನಾಲ್ಕನೇ ಹೆನ್ರಿಗೆ. ಫ್ರಾನ್ಸಿನ ಅತ್ಯುತ್ತಮ ಬಲಾದ್ ಕವಿಯನ್ನು ಕರೆಸಿಕೊಳ್ಳಲು ಹವಣಿಸಿದ ದೊರೆಯ ಕೈಗೆ ತನ್ನ ಫ್ರೆಂಚ್ ಬಲಾದುಗಳನ್ನು ಇಟ್ಟಿದ್ದಾನೆ. ಅವು ಯಾವ ತಕ್ಕಡಿಯಲ್ಲಿ ತೂಗಿಸಿಕೊಳ್ಳಬೇಕಿತ್ತು ಎನ್ನುವುದು ಇದರಲ್ಲೇ ಇದೆ.

ಬಿಡುವಿನೋದು:

ಹಳೆಪ್ರತಿಯವರ ಮಾತಿಗೆ ಒಂದು ಬಾಲಂಗೋಚಿ. ತಿರುಗಾಮುರುಗಾ ಮಾಡಿ ನೋಡಿ. ಶಾರ್ಲ್ ದೋರ್ಲೆಆಂ 1415ರಲ್ಲಿ ಅಜಿಂಕೂರ್ ಯುದ್ಧದಲ್ಲಿ ಸೆರೆಸಿಕ್ಕು 1440ರವರೆಗೆ ಇಂಗ್ಲೆಂಡಿನಲ್ಲಿದ್ದ. ಅಲ್ಲಿ ಫ್ರೆಂಚಿನಲ್ಲಿ ಬರೆದ, ಇಂಗ್ಲಿಷಿನಲ್ಲೂ. ಬ್ರಿಟಿಷ್ ಲೈಬ್ರರಿಯ ಹಾರ್ಲಿ 682 ಎಂಬ ಹಸ್ತಪ್ರತಿ ತುಂಬ ಅವೇ ಇಂಗ್ಲಿಷ್ ಕವಿತೆಗಳು. ಅವು ಅವನವೇ ಹೌದೋ ಅಲ್ಲವೋ ಅಂತ ವಿದ್ವಾಂಸರು ಬಹಳ ಕಾಲ ಗುದ್ದಾಡಿದರು. ಫ್ರಾನ್ಸಿನ ರಾಜವಂಶದವನು ಇಂಗ್ಲಿಷಿನಲ್ಲಿ ಇಷ್ಟು ಚೆನ್ನಾಗಿ ಬರೆದಾನೇ ಅನ್ನೋ ಅನುಮಾನವೂ ಆ ಗುದ್ದಾಟದಲ್ಲಿತ್ತು. ಗವರ್‌ನ ಫ್ರೆಂಚ್ ಎರಡನೇ ದರ್ಜೆಯದೇ ಇರಬೇಕು ಅನ್ನೋದೂ ಇದೇ ಕುದುರೆಯ ಇನ್ನೊಂದು ಕಿವಿ.

ಸುಮಓದು:

ಹಳೆಪ್ರತಿ ಸಾರ್, ಉಣ್ಣೆಯ ಭಾಗ ಈಗಲೇ ಹುಡುಕಿ ಓದಿದೆ, ನಗು ತಡೆಯೋಕಾಗಲಿಲ್ಲ. ಬಲಾದುಗಳ ಬಗ್ಗೆ ಇನ್ನಷ್ಟು ಹೇಳ್ತೀರಾ? ಎಲ್ಲ ಕಡೆ ‘ನೀತಿವಂತ ಗವರ್’ ಅಂತಲೇ ಓದಿದೀನಿ, ಚಾಸರ್ ಕೂಡ ತನ್ನ ‘ಟ್ರಾಯ್ಲಸ್’ ಕಾವ್ಯದ ಕೊನೆಯಲ್ಲಿ ಹಾಗೇ ಕರೀತಾನೆ. ನೀತಿ ಹೇಳೋನು ಪ್ರೇಮದ ಬಲಾದ್ ಯಾಕೆ ಬರೆದ?

ತಕರಾರಿ ಸಾರ್, ನಿಮ್ಮ “ಒಂದು ಹೆಸರು ಕೊಡಿ” ಇನ್ನೂ ಹಾಗೇ ಉಳಿದಿದೆ ಅಂತ ನನಗೂ ಅನಿಸ್ತಿದೆ.

ತಕರಾರಿ:

ಉಳಿದೇ ಇದೆ ಮೇಡಂ. ರೋಲಾಂ, ಮಾರೀ ಅಂತ ದೊಡ್ಡ ದೊಡ್ಡ ಹೆಸರು ಬಂದವು. ಸರಿ. ಆದರೆ ರೋಲಾಂ ಕಥೆಯ ಬೇರೆ ಬೇರೆ ಪಾಠಗಳು ಖಂಡದಲ್ಲೂ ಓಡಾಡಿದವು. ಮಾರೀಯ ‘ಲೇ’ಗಳ ಪ್ರತಿಗಳು ಫ್ರಾನ್ಸಿನಲ್ಲೂ ಬರೆದವು ಇವೆ. ಆಕ್ಸ್‌ಫರ್ಡಿನ ಪುಸ್ತಕ ಒಂದು ಕೊಂಬೆ ಅಷ್ಟೇ, ಮರ ಸಮುದ್ರದ ಎರಡೂ ಕಡೆ ಇತ್ತು. ಗವರ್‌ದು ಹಾಗಲ್ಲ.

ಇನ್ನೂ ಒಂದು ತಮಾಷೆ ಕೇಳಿ. ಗವರ್ ಕಡಲು ದಾಟಲೇ ಇಲ್ಲ ಅಂತ ನಾನು ಹೇಳಲ್ಲ, ದಾಟಿದ. ಹದಿನೈದನೇ ಶತಮಾನದಲ್ಲಿ ‘ಕನ್ಫೆಸಿಯೋ ಅಮಾಂಟಿಸ್’ ಪೋರ್ಚುಗೀಸಿಗೆ ಅನುವಾದವಾಯಿತು, ಅಲ್ಲಿಂದ ಕ್ಯಾಸ್ಟಿಲಿಯನ್ನಿಗೆ. ಲ್ಯಾಂಕಾಸ್ಟರ್ ಮನೆಯ ಫಿಲಿಪಾ 1387ರಲ್ಲಿ ಪೋರ್ಚುಗಲ್ಲಿನ ದೊರೆಯನ್ನು ಮದುವೆಯಾಗಿ ಹೋಗಿದ್ದಳಲ್ಲ, ಆ ನಂಟು ದಾರಿ ಮಾಡಿರಬೇಕು. ಅಂದರೆ “ನನ್ನ ನಾಡಿಗೆ” ಅಂತ ಬರೆದ ಇಂಗ್ಲಿಷ್ ಲಿಸ್ಬನ್ನಿಗೆ ಹೋಯಿತು. “ಸಮಸ್ತ ಲೋಕಕ್ಕೆ” ಅಂತ ಬರೆದ ಫ್ರೆಂಚ್ ಇಂಗ್ಲೆಂಡಿನ ಡೋವರ್ ಬಂದರು ದಾಟಲಿಲ್ಲ. ವಿಳಾಸ ಬರೆದುಬಿಟ್ಟರೆ ಕಾಗದ ತಲುಪಿದಂತಲ್ಲ ಸಾರ್.

ಬಿಡುವಿನೋದು ಅವರಿಗೆ: ಶಾರ್ಲ್‌ನ ಇಂಗ್ಲಿಷ್ ಕವಿತೆಗಳನ್ನೂ ನಾನು ಇಂಗ್ಲಿಷ್ ಪರಂಪರೆಗೆ ಸೇರಿಸಲ್ಲ. ನನ್ನ ಅಳತೆಗೋಲು ಎರಡೂ ಕಡೆ ಒಂದೇ.

ಹಳೆಪ್ರತಿ:

ಪೋರ್ಚುಗಲ್ಲಿನ ಮಾತು ಚೆನ್ನಾಗಿ ಬಿತ್ತು ಸಾರ್. ಓದುಗರ ಲೆಕ್ಕದಲ್ಲಿ ಗವರ್ ಫ್ರಾನ್ಸಿನ ಕವಿಯಲ್ಲ ಎಂಬುದನ್ನು ನಾನು ಎಲ್ಲೂ ಅಲ್ಲಗಳೆದಿಲ್ಲ. ನನ್ನ ವಾದ ಫ್ರಾನ್ಸಿನ ಬಗ್ಗೆ ಅಲ್ಲ, ಫ್ರೆಂಚ್ ಕಾವ್ಯದ ಬಗ್ಗೆ. ಎರಡೂ ಒಂದೇ ಎಂದು ಹಿಡಿದರೆ ಪ್ಯಾರಿಸ್ಸಿನಲ್ಲಿ ಓದಿಸಿಕೊಳ್ಳದ ಎಲ್ಲರನ್ನೂ ಹೊರಗಿಡಬೇಕಾಗುತ್ತದೆ. ಇಟಲಿಯವನಾದ ಬ್ರುನೆತ್ತೊ ಲತೀನಿ ತನ್ನ ವಿಶ್ವಕೋಶವನ್ನು ಫ್ರೆಂಚಿನಲ್ಲಿ ಬರೆದ, ಮಾರ್ಕೊ ಪೋಲೊನ ಪ್ರವಾಸ ಮೊದಲು ಬರಹಕ್ಕೆ ಇಳಿದದ್ದು ಪೀಸಾದ ರುಸ್ತಿಚೆಲ್ಲೊನ ಇಟಲಿ ಬೆರೆತ ಫ್ರೆಂಚಿನಲ್ಲಿ. ಆ ಭಾಷೆಗೆ ಒಂದೇ ಅರಮನೆ ಇರಲಿಲ್ಲ.

ಡೋವರ್ ದಾಟದಿರಲು ಕಾರಣ ಕಾವ್ಯದಲ್ಲಿ ಮಾತ್ರ ಹುಡುಕಬೇಡಿ. ಗವರ್ ಬರೆಯುತ್ತಿದ್ದಾಗಲೇ ಕೆಳಗಿನ ನೆಲ ಸರಿಯುತ್ತಿತ್ತು. 1362ರ ಕಾಯ್ದೆ ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದಿತು (ಆ ಕಾಯ್ದೆಯನ್ನೇ ಫ್ರೆಂಚಿನಲ್ಲಿ ಬರೆದಿದ್ದರು ಎನ್ನುವುದು ಬೇರೆ ಮಾತು). 1399ರಲ್ಲಿ ನಾಲ್ಕನೇ ಹೆನ್ರಿ ಪಟ್ಟ ತನ್ನದೆಂದು ಸಾರಿದ್ದು ಇಂಗ್ಲಿಷಿನಲ್ಲಿ. ಆ ದೊರೆಯ ಕೈಗೇ ಮುದುಕ ಗವರ್ ಫ್ರೆಂಚ್ ಬಲಾದುಗಳ ಪುಸ್ತಕ ಇಟ್ಟದ್ದು. ಇನ್ನು ಕೆಲವು ವರ್ಷಗಳಿಗೆ ಯಾರ್ಕ್‌ಶೈರ್ ಕಡೆಯ ಕ್ವಿಕ್ಸ್‌ಲಿ ಎಂಬವನು ‘ತ್ರೆತಿಯೆ’ಯನ್ನು ಇಂಗ್ಲಿಷಿಗೆ ತಿರುಗಿಸಬೇಕಾಯಿತು, ಸ್ವಂತ ನಾಡಿನವರಿಗೇ! ನೀವು ಕೇಳಿದ ಓದುಗ ಫ್ರಾನ್ಸಿನಲ್ಲಿ ಸಿಗಲಿಲ್ಲ. ಇವನು ಸಿಕ್ಕ, ಇವನಿಗೆ ಅನುವಾದ ಮಾಡುವಷ್ಟು ಬೇಕಾಗಿತ್ತು.

ಸುಮ ಮೇಡಂ, ಬಲಾದುಗಳು. ಮಶೊ, ದೆಶಾಂ ಕಾಲಕ್ಕೆ ಬಲಾದ್ ಎಂದರೆ ಗಟ್ಟಿಯಾಗಿ ಕೂತ ಆಕಾರ. ಮೂರು ಚರಣ, ಮೂರಕ್ಕೂ ಅದೇ ಪ್ರಾಸಗಳು, ಪ್ರತಿ ಚರಣದ ಕೊನೆಗೆ ಅದೇ ಪಲ್ಲವಿ. ದೆಶಾಂ 1392ರಲ್ಲಿ ಇದರ ಮೇಲೆ ಲಕ್ಷಣಗ್ರಂಥವನ್ನೇ ಬರೆದ. ಒಳಗೆ ತುಂಬುವ ಸರಕೂ ಬಹುಮಟ್ಟಿಗೆ ಗೊತ್ತಾದದ್ದೇ: ಕೈಗೆ ಸಿಗದ ನಾಯಕಿ, ನಿಟ್ಟುಸಿರು ಬಿಡುವ ನಾಯಕ. ಮದುವೆಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಗವರ್ ‘ತ್ರೆತಿಯೆ’ಯಲ್ಲಿ ಆ ಆಕಾರವನ್ನು ಹಾಗೇ ಇಟ್ಟುಕೊಂಡು ಒಳಗಿನ ಸರಕನ್ನು ಎತ್ತಿ ಹೊರಗೆ ಹಾಕಿದ. ಗಂಡಹೆಂಡಿರ ನಿಷ್ಠೆಯೇ ವಸ್ತು. ಅದನ್ನು ಮುರಿದವರ ಕಥೆಗಳು ಒಂದೊಂದಾಗಿ ಬರುತ್ತವೆ: ಜೇಸನ್, ಹರ್ಕ್ಯುಲೀಸ್, ಕ್ಲೈಟಮ್ನೆಸ್ಟ್ರಾ, ಟೀರಿಯಸ್, ದಾವೀದ. ಫ್ರೆಂಚ್ ಪ್ರೇಮಕಥೆಗಳ ಮುಕುಟಮಣಿಗಳಾದ ಲ್ಯಾನ್ಸಲಾಟ್, ಟ್ರಿಸ್ಟನ್ ಇಬ್ಬರನ್ನೂ ಅದೇ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿದ್ದಾನೆ. ಅವರದೇ ಪದ್ಯ, ಅವರದೇ ನಾಯಕರು, ಎದುರು ತೀರ್ಪು. ತಕರಾರಿ ಸಾರ್ ಹೇಳಿದ “ಜಗಳಕ್ಕೆ ನಿಲ್ಲುವುದು” ಎಂದರೆ ಇದೇ ಅಲ್ಲವೇ?

ಆದರೂ ‘ತ್ರೆತಿಯೆ’ ಕೊಂಚ ಒಣಗಲು. ಹದಿನೆಂಟು ಬಲಾದನ್ನೂ ಒಟ್ಟಿಗೆ ಓದಿದರೆ ಮೇಷ್ಟರು ಬೆತ್ತ ಆಡಿಸುತ್ತಾ ನಿಂತಂತೆ ಆಗುತ್ತದೆ. ನನ್ನ ಮಟ್ಟಿಗೆ ಗವರ್‌ನನ್ನು ಫ್ರೆಂಚ್ ಕವಿ ಎನ್ನಿಸುವುದು ‘ಸೆಂಕಾಂತ್ ಬಲಾದ್’. ಹೆಸರಿಗೆ ಐವತ್ತು, ಎಣಿಸಿದರೆ ಸ್ವಲ್ಪ ಹೆಚ್ಚೇ ಇವೆ. ಇಲ್ಲಿ ನಿಟ್ಟುಸಿರೂ ಇದೆ, ವ್ಯಾಲೆಂಟೈನ್ ದಿನದ ಹಕ್ಕಿಗಳೂ ಇವೆ (34, 35ನೇ ಬಲಾದ್). ಮೊದಲ ಕೆಲವು ಬಲಾದುಗಳ ಪಕ್ಕದಲ್ಲಿ ಇವು ಮದುವೆಯ ದಾರಿಯಲ್ಲಿ ತಮ್ಮ ಪ್ರೀತಿಗಾಗಿ ಕಾದಿರುವವರಿಗೆ ಎಂಬ ಟಿಪ್ಪಣಿ ಇದೆ, ನೀತಿವಂತ ಅಷ್ಟಕ್ಕೆ ಸಮಾಧಾನಪಟ್ಟುಕೊಂಡಿದ್ದಾನೆ. ನಲವತ್ತೊಂದಕ್ಕೆ ಬಂದಾಗ ಇದ್ದಕ್ಕಿದ್ದಂತೆ ಹೆಣ್ಣು ಬಾಯಿ ತೆರೆಯುತ್ತಾಳೆ. ನಲವತ್ತು ಬಲಾದ್ ತಾನು ಎಷ್ಟು ನಿಷ್ಠ, ಎಷ್ಟು ನೊಂದೆ ಎಂದು ಗಂಡು ಹಾಡಿದ್ದೇ ಹಾಡಿದ್ದು. ಈಗ ಅವಳ ಸರದಿ. 43ನೇ ಬಲಾದಿನಲ್ಲಿ ಹೇಳುತ್ತಾಳೆ: ಮೆಡಿಯಾಗೆ ಜೇಸನ್, ಡೀಯನೈರಾಗೆ ಹರ್ಕ್ಯುಲೀಸ್ ಮಾಡಿದ ಮೋಸಕ್ಕಿಂತ, ದೀದೋಳನ್ನು ಬಿಟ್ಟುಹೋದ ಈನಿಯಸ್, ಅರಿಯಾಡ್ನೆಯನ್ನು ಪ್ರೀತಿಸಿದ ಥೀಸಿಯಸ್, ಫಿಲಿಸಳನ್ನು ಮರೆತ ಡಿಮೋಫೋನ್ ಇವರೆಲ್ಲರಿಗಿಂತ ವಂಚಕ ನನಗೆ ಸಿಕ್ಕಿದ್ದಾನೆ, ಒಂದು ಕಾಲಕ್ಕೆ ನಾನು ಪ್ರೀತಿಸಿದವನು.

ಈ ಹೆಸರುಗಳ ಪಟ್ಟಿ ಹೊಸದಲ್ಲ, ಓವಿಡ್‌ನಿಂದ ಬಂದದ್ದು, ಫ್ರೆಂಚ್ ಕವಿಗಳು ಸವೆಸಿದ್ದು. ಹೊಸದು ಅದನ್ನು ಇಟ್ಟ ಜಾಗ. ಇಷ್ಟು ಹೊತ್ತು ನಾವು ನಂಬಿದ ಗಂಡಿನ ದನಿಯ ಮೇಲೆ ಈ ಪಟ್ಟಿ ಬಂದು ಬೀಳುತ್ತದೆ. ಅವನೇ ಇವನೋ, ಬೇರೆಯವನೋ? ಗವರ್ ಹೇಳುವುದಿಲ್ಲ. 44ರಲ್ಲಿ ದನಿ ತಿಳಿಯಾಗಿ, ಶೂರ, ಸಭ್ಯ, ನಿಷ್ಠಾವಂತ ಎಂದು ಒಬ್ಬನನ್ನು ಒಪ್ಪಿಕೊಳ್ಳುತ್ತಾಳೆ. ಕ್ರಿಸ್ಟೀನ್ ಹೆಣ್ಣಿನ ದನಿಯಲ್ಲಿ ಬಲಾದ್ ಬರೆದು ಹೆಸರು ಮಾಡುತ್ತಿದ್ದ ಹೊತ್ತಿಗೇ ಕಡಲ ಆಚೆ ಇಂಗ್ಲೆಂಡಿನಲ್ಲೂ ಇದು ನಡೆಯುತ್ತಿತ್ತು. ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟು ಓದಿಸುವ ಚರಿತ್ರೆ ನನಗೆ ಬೇಕು. ಅದಕ್ಕಾಗಿಯಾದರೂ ನಿಮ್ಮ ಲೇಖನದ ಫ್ರೆಂಚ್ ಭಾಗದಲ್ಲೇ ಅವನನ್ನು ಕೂರಿಸಿ. ಕ್ರಿಸ್ಟೀನಳಿಗಿಂತ ಮೊದಲು, ದೆಶಾಂ ಪಕ್ಕದಲ್ಲಿ. ಇಂಗ್ಲೆಂಡಿನಾಚೆಗೆ ಓದುಗರು ಸಿಗಲಿಲ್ಲ ಎಂಬ ತಕರಾರಿಯವರ ಮಾತನ್ನೂ ಮುಚ್ಚಿಡದೆ ಬರೆಯಿರಿ.

ಓದಲು ಮೆಕಾಲೆಯ ನಾಲ್ಕು ಸಂಪುಟಗಳಲ್ಲಿ ಮೊದಲನೆಯದು ಸಾಕು, 1899ರದು. ಫ್ರೆಂಚ್ ಕೃತಿಗಳೆಲ್ಲ ಅದರಲ್ಲೇ ಇವೆ. ಪಕ್ಕಕ್ಕೆ ಇಂಗ್ಲಿಷ್ ಬೇಕೆಂದರೆ ಬಲಾದುಗಳಿಗೆ ಆರ್. ಎಫ್. ಯೇಗರ್ ಅವರ 2011ರ ಪುಸ್ತಕ ಇದೆ. 41ರಿಂದ ಶುರುಮಾಡಿ, 46ರವರೆಗೆ ಓದಿ, ಆಮೇಲೆ ಒಂದಕ್ಕೆ ಹಿಂತಿರುಗಿ. ಕಾಗುಣಿತ ಕಾಡಿದರೆ ಗಟ್ಟಿಯಾಗಿ ಓದಿ, ಕಣ್ಣಿಗೆ ಸಿಗದ ಎಷ್ಟೋ ಫ್ರೆಂಚ್ ಮಾತು ಕಿವಿಗೆ ಸಿಗುತ್ತದೆ.